ಪ್ರತಿಯೊಂದಕ್ಕೂ ಒಂದು ಪ್ರತಿ

2023ರ ಬೇಸಗೆಯ ಒಂದು ಬೆಳಗ್ಗೆ ನಮ್ಮ ಕಾಲೇಜಿನ ಮಿತ್ರರೊಬ್ಬರು ಕಳೆಗುಂದಿದ ಮುಖದಿಂದ ನಮ್ಮ ಮನೆಗೆ ಬಂದರು. ಹಿಂದಿನ ರಾತ್ರಿ ಅವರ ಕಂಪ್ಯೂಟರಿನ ಹಾರ್ಡ್ ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡಿ ನಿಂತುಹೋಗಿದ್ದಿತು. ಐದು ವರ್ಷ ಹಳ್ಳಿಗಳನ್ನು ಸುತ್ತಿ, ಹಾಡಿದವರ ಒಪ್ಪಿಗೆ ಪಡೆದು, ಧ್ವನಿಮುದ್ರಿಸಿದ್ದ ಬೀಸುವ ಪದಗಳೆಲ್ಲ ಅದರಲ್ಲಿದ್ದುವು. ಹಾಡಿದ ಅಜ್ಜಿಯರಲ್ಲಿ ಇಬ್ಬರು ಆಗಲೇ ತೀರಿಕೊಂಡಿದ್ದರು. ದುರಸ್ತಿಯವರು 28,000 ರೂಪಾಯಿ ಕೇಳಿದರು. ದೊರೆತೇ ದೊರೆಯುವುದೆಂಬ ಭರವಸೆಯನ್ನು ಮಾತ್ರ ಕೊಡಲಿಲ್ಲ. ಮೊದಲೇ ಇನ್ನೊಂದು ಡಿಸ್ಕನ್ನು ಕೊಂಡು ನಕಲಿರಿಸಿದ್ದರೆ ಐದಾರು ಸಾವಿರದಲ್ಲಿ ಮುಗಿಯುತ್ತಿದ್ದಿತು.

“ತಂತ್ರಾಂಶ ಹಾಕುವಾಗ, ನಕಲು ಮಾಡತಕ್ಕದ್ದಲ್ಲ ಎಂಬ ಕರಾರಿಗೆ ಒಪ್ಪಿದ್ದೆನಲ್ಲ, ಸ್ವಾಮಿ!” ಎಂದರು ಮಿತ್ರರು.

ಹೀಗೆ ತಿಳಿದಿರುವವರು ಅವರೊಬ್ಬರೇ ಅಲ್ಲ. ಕಂಪ್ಯೂಟರಿನಲ್ಲಿ ಇರುವುದು ಎರಡು ಬಗೆಯ ಆಸ್ತಿ. ನಾವೇ ಬರೆದ ಬರಹ, ತೆಗೆದ ಚಿತ್ರ, ಮುದ್ರಿಸಿದ ಧ್ವನಿ ನಮ್ಮವು. ಅವುಗಳ ಹತ್ತು ನಕಲಿಟ್ಟುಕೊಂಡರೂ ಕೇಳುವವರಿಲ್ಲ. ತಂತ್ರಾಂಶವಾದರೋ ಅನ್ಯರ ಕೃತಿ. ಆದರೂ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣವು, 1994ರ ತಿದ್ದುಪಡಿಯ ತರುವಾಯ, ನ್ಯಾಯವಾಗಿ ಪಡೆದವನಿಗೆ ನಾಶನಷ್ಟಗಳಿಂದ ಕಾಪಾಡಿಕೊಳ್ಳುವಷ್ಟರ ಮಟ್ಟಿಗೆ ಅದರ ನಕಲನ್ನೂ ಅನುಮತಿಸಿದೆ. ಅಮೆರಿಕದ ಕಾನೂನು 1980ರಿಂದಲೂ ಇದನ್ನು ಒಪ್ಪಿದೆ. ಮೂಲದ ಮೇಲಿನ ಹಕ್ಕು ಕೈಬಿಟ್ಟರೆ ನಕಲನ್ನು ನಾಶಮಾಡತಕ್ಕದ್ದೆಂದೂ ಅಲ್ಲಿ ವಿಧಿಸಿದೆ.

ಭಾವಮೈದುನನಿಗೆ ಕೊಟ್ಟ ನಕಲು ಈ ರಕ್ಷಣೆಗೆ ಸೇರದು. ಕದ್ದ ನಕಲೆಂದು ತಿಳಿದೂ ತಂತ್ರಾಂಶವನ್ನು ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ಬಳಸದಿದ್ದಲ್ಲಿ ನ್ಯಾಯಾಲಯವು ಸೆರೆಯನ್ನು ಬಿಡಬಹುದು.

ಇಂದಿನ ತೊಡಕು ಬೇರೆ. ಅನೇಕ ತಂತ್ರಾಂಶಗಳು ಈಗ ವರ್ಷದ ಚಂದಾಕ್ಕೆ ದೊರೆಯುತ್ತವೆ. ಚಂದಾ ನಿಂತರೆ ನಕಲಿದ್ದೂ ಪ್ರಯೋಜನವಿಲ್ಲ, ಅದು ತೆರೆಯುವುದಿಲ್ಲ. ಕಡತವನ್ನು ಕಾಪಾಡಿ ಅದನ್ನು ಓದುವ ಸಾಧನವನ್ನು ಕಳೆದುಕೊಂಡ ಪಾಡು ನಮ್ಮ ಕನ್ನಡಕ್ಕೆ ಹೊಸದೇನಲ್ಲ. ಯೂನಿಕೋಡ್ ಬರುವುದಕ್ಕೆ ಮುಂಚಿನ ಅಕ್ಷರಗಳಲ್ಲಿ ಜೋಡಿಸಿದ ಎಷ್ಟೋ ಬರಹಗಳನ್ನು ಇಂದು ತೆರೆದರೆ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಆದುದರಿಂದ ಮುಖ್ಯವಾದುದನ್ನು ಯೂನಿಕೋಡಿನಲ್ಲಿ, ಯಾವ ತಂತ್ರಾಂಶಕ್ಕೂ ತೆರೆಯುವ ಸರಳ ರೂಪದಲ್ಲಿ, ಮತ್ತೊಮ್ಮೆ ಇರಿಸಿಕೊಳ್ಳುವುದು ಲೇಸು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಗೆ ಈ ಕಷ್ಟವಿರಲಿಲ್ಲ. ಓಲೆಗರಿಗೆ ಕಣ್ಣಿದ್ದರೆ ಸಾಕಾಗಿದ್ದಿತು!

ನಕಲು ಇದೆಯೆಂದು ನಂಬಿ ಕೂರುವುದೂ ಅಪಾಯವೇ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಚಿತ್ರದ ಬಹುಭಾಗ ಒಂದು ತಪ್ಪು ಆಜ್ಞೆಯಿಂದ ಅಳಿಸಿಹೋಯಿತು. ಬ್ಯಾಕಪ್ ನೋಡಿದರೆ ಅದೂ ಕೆಟ್ಟಿದ್ದಿತು. ಎಳೆಗೂಸನ್ನು ನೋಡಿಕೊಳ್ಳುತ್ತ ಮನೆಯಿಂದಲೇ ದುಡಿಯುತ್ತಿದ್ದ ಗೇಲಿನ್ ಸುಸ್ಮನ್ ಎಂಬಾಕೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಚಿತ್ರವನ್ನು ಉಳಿಸಿತು. ಅದನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ತಂದರಂತೆ.

ನಮ್ಮ ಮಿತ್ರರು ಕೊನೆಗೆ ಹಣ ಕಟ್ಟಿದರು. ಮೂರು ವಾರಗಳ ಮೇಲೆ ಅರ್ಧದಷ್ಟು ಹಾಡುಗಳು ಮರಳಿದುವು. ಗತಿಸಿದ ಅಜ್ಜಿಯರಲ್ಲಿ ಒಬ್ಬಾಕೆಯ ಧ್ವನಿ ದೊರೆಯಿತು, ಇನ್ನೊಬ್ಬಾಕೆಯದು ದೊರೆಯಲಿಲ್ಲ. ಉಳಿದುದರ ಒಂದು ಪ್ರತಿ ಈಗ ನಮ್ಮ ಮನೆಯ ಬೀರುವಿನಲ್ಲಿದೆ. ತಿಂಗಳಿಗೊಮ್ಮೆ ಮಿತ್ರರೇ ಬಂದು, ಹಾಡುಗಳು ಕೇಳಿಸುತ್ತಿವೆಯೇ ಎಂದು ನೋಡಿಕೊಂಡು ಹೋಗುತ್ತಾರೆ.