ಪೊರೆ ಶಸ್ತ್ರಚಿಕಿತ್ಸೆಯ ನಂತರ ನೇರಳಾತೀತ ಕಿರಣಗಳಿಂದ ಕಣ್ಣಿನ ರಕ್ಷಣೆ

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಮಬ್ಬಾದ ಸಹಜ ಮಸೂರವನ್ನು ತೆಗೆದು, ಸಾಮಾನ್ಯವಾಗಿ ಅದರ ಸ್ಥಾನದಲ್ಲಿ ಕೃತಕ ಮಸೂರವನ್ನು ಅಳವಡಿಸಲಾಗುತ್ತದೆ. ಸಹಜ ಮಸೂರವು ಬೆಳಕನ್ನು ಕೇಂದ್ರೀಕರಿಸುವುದಲ್ಲದೆ ನೇರಳಾತೀತ ಕಿರಣಗಳನ್ನೂ ತಡೆಯುತ್ತದೆ. ಆದುದರಿಂದ ಅದನ್ನು ತೆಗೆದ ಬಳಿಕ ಅಕ್ಷಿಪಟಲಕ್ಕೆ ಬೇರೊಂದು ರಕ್ಷಣೆ ಅಗತ್ಯವಾಗುತ್ತದೆ.

ಸಹಜ ಮಸೂರದ ಪಾತ್ರ

ನೇರಳಾತೀತ ಕಿರಣಗಳ ತರಂಗಾಂತರವು 100ರಿಂದ 400 ನ್ಯಾನೊಮೀಟರ್‌ಗಳವರೆಗೆ ಇರುತ್ತದೆ. ಭೂಮಿಯನ್ನು ತಲುಪುವ ಈ ಕಿರಣಗಳಲ್ಲಿ ಚಿಕ್ಕ ತರಂಗಾಂತರದವುಗಳನ್ನು ಕಾರ್ನಿಯಾ ಹೀರಿಕೊಳ್ಳುತ್ತದೆ. ಸುಮಾರು 300ರಿಂದ 400 ನ್ಯಾನೊಮೀಟರ್‌ಗಳ ನಡುವಿನವುಗಳಲ್ಲಿ ಬಹುಪಾಲನ್ನು ವಯಸ್ಕರ ಮಸೂರವು ತಡೆಯುತ್ತದೆ. ಮಸೂರವಿಲ್ಲದ ಕಣ್ಣಿಗೆ ಇತರರು ಕಾಣಲಾರದ ನೇರಳಾತೀತ ಬೆಳಕಿನ ಒಂದಂಶವೂ ಗೋಚರಿಸಬಲ್ಲದು. ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ 1923ರಲ್ಲಿ ಬಲಗಣ್ಣಿನ ಪೊರೆಯನ್ನು ತೆಗೆಸಿಕೊಂಡ ಮೇಲೆ ಬಣ್ಣಗಳು ನೀಲಿಯಾಗಿ ಕಾಣತೊಡಗಿದ್ದರಿಂದ ಬಣ್ಣದ ಗಾಜಿನ ಕನ್ನಡಕವನ್ನು ಧರಿಸಬೇಕಾಯಿತು.

ಕೃತಕ ಮಸೂರ

ಬ್ರಿಟಿಷ್ ನೇತ್ರತಜ್ಞ ಹೆರಾಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಮೊದಲ ಕೃತಕ ಮಸೂರವನ್ನು ಅಳವಡಿಸಿದರು. ಆರಂಭದ ಪ್ಲಾಸ್ಟಿಕ್ ಮಸೂರಗಳು ನೇರಳಾತೀತ ಕಿರಣಗಳ ಹೆಚ್ಚಿನ ಭಾಗವನ್ನು ಒಳಗೆ ಬಿಡುತ್ತಿದ್ದವು. 1980ರ ದಶಕದಿಂದ ಮಸೂರದ ವಸ್ತುವಿಗೇ ಆ ಕಿರಣಗಳನ್ನು ಹೀರಿಕೊಳ್ಳುವ ರಾಸಾಯನಿಕವನ್ನು ಬೆರೆಸುವ ಪದ್ಧತಿ ರೂಢಿಗೆ ಬಂದಿತು. ಇಂದಿನ ಬಹುತೇಕ ಕೃತಕ ಮಸೂರಗಳಲ್ಲಿ ಈ ಗುಣವಿದೆ. ನೀಲಿ ಬೆಳಕನ್ನೂ ತಡೆಯುವ ಹಳದಿ ಛಾಯೆಯ ಮಸೂರಗಳೂ ಲಭ್ಯವಿವೆ. ಆದರೆ ಅವುಗಳಿಂದ ಅಕ್ಷಿಪಟಲಕ್ಕೆ ಹೆಚ್ಚುವರಿ ರಕ್ಷಣೆ ದೊರೆಯುವುದೆಂದು ಖಚಿತವಾಗಿ ಸಿದ್ಧವಾಗಿಲ್ಲ.

ಭಾರತದ ಹಿಂದಿನ ನೇತ್ರ ಶಿಬಿರಗಳಲ್ಲಿ ಮಸೂರವನ್ನು ತೆಗೆದು ದಪ್ಪ ಕನ್ನಡಕವನ್ನಷ್ಟೇ ನೀಡುವುದು ವಾಡಿಕೆಯಾಗಿತ್ತು. ಹೀಗೆ ಕೃತಕ ಮಸೂರವಿಲ್ಲದವರಿಗೂ, ಹಳೆಯ ಬಗೆಯ ಮಸೂರವುಳ್ಳವರಿಗೂ ನೇರಳಾತೀತ ಕಿರಣಗಳನ್ನು ತಡೆಯುವ ಕನ್ನಡಕ ಅತ್ಯಗತ್ಯ.

ಕನ್ನಡಕದ ಅಗತ್ಯ

ಶಸ್ತ್ರಚಿಕಿತ್ಸೆಯಾದ ಕೂಡಲೇ ನೀಡುವ ಕಪ್ಪು ಕನ್ನಡಕವು ಮುಖ್ಯವಾಗಿ ಪ್ರಖರ ಬೆಳಕು, ಧೂಳು ಮತ್ತು ಕೈತಾಗುವಿಕೆಯಿಂದ ಕಣ್ಣನ್ನು ಕಾಪಾಡುತ್ತದೆ. ಗಾಯ ಮಾಗಿದ ನಂತರವೂ ಬಿಸಿಲಿನಲ್ಲಿ ರಕ್ಷಣೆ ಉಪಯುಕ್ತ. ಒಳಗಿನ ಮಸೂರವು ಅಕ್ಷಿಪಟಲವನ್ನು ಕಾಪಾಡಿದರೂ ಕಣ್ಣಿನ ರೆಪ್ಪೆ, ಕಾರ್ನಿಯಾ ಮತ್ತು ಕಣ್ಣಿನ ಬಿಳಿಯ ಭಾಗದ ಮೇಲ್ಪೊರೆಯನ್ನು ಕಾಪಾಡಲಾರದು. ಕಣ್ಣಿನಲ್ಲಿ ದುರ್ಮಾಂಸ ಬೆಳೆಯುವುದಕ್ಕೂ ದೀರ್ಘಕಾಲದ ಬಿಸಿಲಿಗೂ ಸಂಬಂಧವಿದೆ.

ಕನ್ನಡಕದ ಬಣ್ಣ ಕಪ್ಪಾಗಿದ್ದ ಮಾತ್ರಕ್ಕೆ ಅದು ನೇರಳಾತೀತ ಕಿರಣಗಳನ್ನು ತಡೆಯುತ್ತದೆಂದು ಹೇಳಲಾಗದು. ತಡೆಯುವ ಗುಣವಿಲ್ಲದ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಹಿಗ್ಗುವುದರಿಂದ ಹಾನಿಕಾರಕ ಕಿರಣಗಳು ಹೆಚ್ಚಾಗಿಯೇ ಒಳಸೇರಬಹುದು. 400 ನ್ಯಾನೊಮೀಟರ್‌ವರೆಗಿನ ಕಿರಣಗಳನ್ನು ತಡೆಯುವ ಕನ್ನಡಕಗಳ ಮೇಲೆ ‘ಯುವಿ 400’ ಎಂಬ ಗುರುತಿರುತ್ತದೆ. ಬಣ್ಣವಿಲ್ಲದ ಗಾಜಿಗೂ ಈ ಗುಣವನ್ನು ನೀಡಬಹುದು. ಪಕ್ಕಗಳನ್ನೂ ಮುಚ್ಚುವ ಚೌಕಟ್ಟು ಹಾಗೂ ಅಗಲವಾದ ಅಂಚಿನ ಟೋಪಿ ಹೆಚ್ಚು ಪರಿಣಾಮಕಾರಿ. ಮೋಡ ಕವಿದ ದಿನವೂ ಈ ಕಿರಣಗಳು ಭೂಮಿಯನ್ನು ತಲುಪುತ್ತವೆ. ಹಿಮ, ಮರಳು ಮತ್ತು ನೀರು ಅವುಗಳನ್ನು ಪ್ರತಿಫಲಿಸುತ್ತವೆ. ಇಂತಹ ಯಾವ ಕನ್ನಡಕವನ್ನು ಧರಿಸಿಯೂ ಸೂರ್ಯನನ್ನಾಗಲಿ ಸೂರ್ಯಗ್ರಹಣವನ್ನಾಗಲಿ ನೇರವಾಗಿ ನೋಡಬಾರದು.

ಅಳವಡಿಸಿದ ಮಸೂರದ ವಿವರವುಳ್ಳ ಚೀಟಿಯನ್ನು ಅನೇಕ ಆಸ್ಪತ್ರೆಗಳು ರೋಗಿಗೆ ನೀಡುತ್ತವೆ. ಅದನ್ನು ಕಾಪಿಟ್ಟುಕೊಂಡಲ್ಲಿ, ಮಸೂರಕ್ಕೆ ನೇರಳಾತೀತ ಕಿರಣಗಳನ್ನು ತಡೆಯುವ ಗುಣವಿದೆಯೇ ಎಂಬುದನ್ನು ಮುಂದೆ ನೇತ್ರತಜ್ಞರಿಂದ ತಿಳಿಯಬಹುದು.