ಉನ್ನತ ಶಿಕ್ಷಣದಲ್ಲಿ ನಾಯಕತ್ವದ ತರಬೇತಿ

ಮಹದೇವಪುರ, ವೈಟ್‌ಫೀಲ್ಡ್‌ಗಳ ಸುತ್ತಿನ ದೊಡ್ಡ ತಂತ್ರಾಂಶ ಸಂಸ್ಥೆಗಳಲ್ಲಿ ಒಬ್ಬ ಇಂಜಿನಿಯರರಿಗೆ ಹತ್ತು ಜನರ ಮೇಲ್ವಿಚಾರಣೆಯನ್ನು ವಹಿಸುವ ಸಂದರ್ಭದಲ್ಲಿ ಅದಕ್ಕೆಂದೇ ಏರ್ಪಡಿಸಿದ ತರಬೇತಿಗೆ ಅವರನ್ನು ಕಳುಹಿಸುವುದು ವಾಡಿಕೆ. ಇಪ್ಪತ್ತು ವರ್ಷ ರಸಾಯನಶಾಸ್ತ್ರವನ್ನೋ ಇತಿಹಾಸವನ್ನೋ ಬೋಧಿಸಿದ ಪ್ರಾಧ್ಯಾಪಕರು ಪ್ರಾಂಶುಪಾಲರಾದಾಗಲಾದರೋ, ಅವರ ಕೈಗೆ ಬರುವುದು ಬೀಗದ ಕೈಗಳ ಗೊಂಚಲು, ಮೊಹರು ಮತ್ತು ಕಡತಗಳ ರಾಶಿ. ನೂರಾರು ವಿದ್ಯಾರ್ಥಿಗಳ ಭವಿಷ್ಯ, ಅನುದಾನದ ಲೆಕ್ಕಪತ್ರ, ನಾನಾ ಸ್ವಭಾವದ ಸಹೋದ್ಯೋಗಿಗಳು, ಇವೆಲ್ಲವನ್ನೂ ನಿಭಾಯಿಸುವ ವಿದ್ಯೆಯನ್ನು ಅವರಿಗೆ ಸಾಮಾನ್ಯವಾಗಿ ಯಾರೂ ಕಲಿಸಿರುವುದಿಲ್ಲ.

ಹಾಗಾದರೆ ಹಿಂದಿನ ಹಿರಿಯರಿಗೆ ಈ ವಿದ್ಯೆ ಒದಗಿಬಂದುದು ಹೇಗೆ? ಡಾ. ವಿ. ಕೃ. ಗೋಕಾಕರು 1938ರಲ್ಲಿ ಆಕ್ಸ್‌ಫರ್ಡಿನಿಂದ ಮರಳಿ, ಇನ್ನೂ ಮೂವತ್ತು ತುಂಬುವ ಮೊದಲೇ ಸಾಂಗಲಿಯ ವಿಲ್ಲಿಂಗ್‌ಡನ್ ಕಾಲೇಜಿನ ಪ್ರಾಂಶುಪಾಲರಾದರು. ತರುವಾಯ ಕೊಲ್ಲಾಪುರದ ರಾಜಾರಾಮ ಕಾಲೇಜು, ಧಾರವಾಡದ ಕರ್ನಾಟಕ ಕಾಲೇಜು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಗಳನ್ನು ನಡೆಸಿದರು. 1966ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಪದವಿ ಬರುವ ವೇಳೆಗೆ ಅವರ ಬೆನ್ನಿಗೆ ಸುಮಾರು ಮೂರು ದಶಕಗಳ ಅನುಭವವಿದ್ದಿತು. 1981ರಲ್ಲಿ ಅವರು ಶ್ರೀ ಸತ್ಯಸಾಯಿ ಉನ್ನತ ಶಿಕ್ಷಣ ಸಂಸ್ಥೆಯ ಪ್ರಥಮ ಕುಲಪತಿಗಳಾದರು. ಆ ಸಂಸ್ಥೆಯ ಬೃಂದಾವನ ಆವರಣ ಇದೇ ಮಹದೇವಪುರ ಪ್ರದೇಶದ ಕಾಡುಗೋಡಿಯಲ್ಲಿದೆ. ಕೇಂಬ್ರಿಜ್‌ನ ರ್‍ಯಾಂಗ್ಲರ್ ಡಿ. ಸಿ. ಪಾವಟೆಯವರೂ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯ ಕಡತಗಳ ನಡುವೆ ಪಳಗಿದ ಮೇಲೆಯೇ 1954ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ, 1967ರವರೆಗೆ ಅದನ್ನು ಕಟ್ಟಿ ಬೆಳೆಸಿದರು. ಸಣ್ಣ ಸಂಸ್ಥೆಯಲ್ಲಿ ಮಾಡಿದ ತಪ್ಪು ಸಣ್ಣದಾಗಿಯೇ ಉಳಿಯುತ್ತದೆ. ಅದರಿಂದ ಕಲಿತ ಪಾಠ ಮಾತ್ರ ದೊಡ್ಡ ಸಂಸ್ಥೆಗೂ ಬರುತ್ತದೆ. ಆದರೆ ಇಂತಹ ಮೆಟ್ಟಿಲುಗಳು ಎಲ್ಲರಿಗೂ ದೊರೆಯುವಂಥವಲ್ಲ. ಅದೃಷ್ಟವನ್ನು ವ್ಯವಸ್ಥೆಯೆಂದು ನಂಬಿ ಕುಳಿತುಕೊಳ್ಳುವಂತಿಲ್ಲ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಅಧ್ಯಾಪಕರಿಗಾಗಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಸ್ಥಾಪಿಸತೊಡಗಿತು. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮೈಸೂರು ವಿಶ್ವವಿದ್ಯಾಲಯಗಳೂ ಇಂತಹ ಕೇಂದ್ರಗಳನ್ನು ಪಡೆದವು. ನಾಲ್ಕು ವಾರಗಳ ಪ್ರಾರಂಭಿಕ ಶಿಬಿರದ ಪಠ್ಯದಲ್ಲಿ ನಾಲ್ಕು ಭಾಗಗಳಿದ್ದವು. ಕಟ್ಟಕಡೆಯದು ನಿರ್ವಹಣೆ ಮತ್ತು ವ್ಯಕ್ತಿತ್ವ ವಿಕಾಸ. ಅದು ಇದ್ದುದೇನೋ ಸಂತೋಷದ ಸಂಗತಿ. ಆದರೆ ಶಿಬಿರಕ್ಕೆ ಬರುತ್ತಿದ್ದವರು ಹೊಸದಾಗಿ ಸೇವೆಗೆ ಸೇರಿದ ಅಧ್ಯಾಪಕರು. ಅದರ ಪ್ರಮಾಣಪತ್ರ ವೃತ್ತಿಬಡ್ತಿಗೆ ಅವಶ್ಯಕವಾಗಿತ್ತು. ಇಪ್ಪತ್ತು ವರ್ಷಗಳ ನಂತರ ಪ್ರಾಂಶುಪಾಲರ ಪೀಠ ದೊರೆತಾಗ ಪ್ರಮಾಣಪತ್ರ ಸೇವಾ ಪುಸ್ತಕದಲ್ಲಿ ಭದ್ರವಾಗಿರುತ್ತಿತ್ತು, ಪಾಠ ಎಂದೋ ಮರೆತುಹೋಗಿರುತ್ತಿತ್ತು. ಈ ಕೇಂದ್ರಗಳು 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆಂದೂ, 2023ರಲ್ಲಿ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರಗಳೆಂದೂ ಹೆಸರು ಬದಲಿಸಿದವು. ಹೊಸ ಯೋಜನೆಯ ಎಂಟು ವಿಷಯಗಳಲ್ಲಿ ಶೈಕ್ಷಣಿಕ ನಾಯಕತ್ವವೂ ಒಂದೆಂಬುದು ಗಮನಾರ್ಹ. ಇದಕ್ಕೆ ಮುಂಚೆ 2018ರಲ್ಲಿ ಕೇಂದ್ರ ಸರ್ಕಾರ ಲೀಪ್ ಎಂಬ ಮೂರು ವಾರಗಳ ಕಾರ್ಯಕ್ರಮವನ್ನು ಘೋಷಿಸಿತ್ತು. ಎರಡು ವಾರ ದೇಶದಲ್ಲಿ, ಒಂದು ವಾರ ವಿದೇಶದಲ್ಲಿ. ಉದ್ಯಮಗಳೂ ಸುಮ್ಮನಿರಲಿಲ್ಲ. ಇನ್ಫೋಸಿಸ್ 2004ರಲ್ಲಿ ಕ್ಯಾಂಪಸ್ ಕನೆಕ್ಟ್ ಅನ್ನೂ, ವಿಪ್ರೋ 2007ರಲ್ಲಿ ಮಿಷನ್ ಟೆನ್‌ಎಕ್ಸ್ ಅನ್ನೂ ಇಂಜಿನಿಯರಿಂಗ್ ಕಾಲೇಜುಗಳಿಗಾಗಿ ಆರಂಭಿಸಿದವು. ಅವುಗಳ ಲಕ್ಷ್ಯವಾದರೂ ಮುಖ್ಯವಾಗಿ ತರಗತಿಯ ಬೋಧನೆಯ ಮೇಲೆಯೇ ಇದ್ದಿತು.

ಉದ್ಯಮದ ತರಬೇತಿಯನ್ನು ಹಾಗೆಯೇ ಎತ್ತಿ ತಂದರೆ ಸಾಲದೆಂಬುದನ್ನೂ ಇಲ್ಲಿ ಹೇಳಬೇಕು. ಕಾರ್ಖಾನೆಯ ಮೇಲಧಿಕಾರಿಗೆ ವೇತನವನ್ನು ಏರಿಸುವ, ಕೆಲಸದಿಂದ ತೆಗೆಯುವ ಅಧಿಕಾರ ಸ್ವಲ್ಪಮಟ್ಟಿಗಾದರೂ ಇರುತ್ತದೆ. ವಿಶ್ವವಿದ್ಯಾಲಯದ ವಿಭಾಗ ಮುಖ್ಯಸ್ಥರಿಗೆ ಅದೊಂದೂ ಇಲ್ಲ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಈ ಸ್ಥಾನ ಸರದಿಯಂತೆ ಬರುವಂಥದು. ಇಂದು ಯಾರ ರಜೆಯ ಅರ್ಜಿಯನ್ನು ತಿರಸ್ಕರಿಸಿದರೋ ನಾಳೆ ಅವರ ಮುಂದೆಯೇ ತಮ್ಮ ಅರ್ಜಿಯನ್ನು ಇಡಬೇಕಾಗುತ್ತದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಂತೂ ಬೋಧನೆಯ ದೊಡ್ಡ ಪಾಲನ್ನು ಹೊತ್ತವರು ಸೇವಾಭದ್ರತೆಯಿಲ್ಲದ ಅತಿಥಿ ಉಪನ್ಯಾಸಕರು. ಅವರಲ್ಲಿ ಉತ್ಸಾಹವನ್ನು ಉಳಿಸಬೇಕಾದ ಪ್ರಾಂಶುಪಾಲರ ಕೈಯಲ್ಲಿ ಅವರ ನೇಮಕದ ಭರವಸೆ ಇಲ್ಲ. ಹೀಗಾಗಿ ಇಲ್ಲಿನ ನಾಯಕತ್ವವೆಂದರೆ ಬಹುಪಾಲು ಮನವೊಲಿಕೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ನ್ಯಾಕ್ ಸಂಸ್ಥೆ ತನ್ನ ಏಳು ಮಾನದಂಡಗಳಲ್ಲಿ ಆಡಳಿತ ಮತ್ತು ನಾಯಕತ್ವಕ್ಕೆ ಪ್ರತ್ಯೇಕ ಸ್ಥಾನವಿತ್ತಿತು. ಆಯೋಗದ 2018ರ ನಿಯಮಾವಳಿಯು ಪ್ರಾಂಶುಪಾಲರಿಗೆ ಹದಿನೈದು ವರ್ಷಗಳ ಅನುಭವವನ್ನು ವಿಧಿಸಿ, ಕುಲಪತಿಗಳಿಂದ ಶೈಕ್ಷಣಿಕ ನಾಯಕತ್ವದ ನಿದರ್ಶನವನ್ನು ಕೇಳಿತು. ಪರೀಕ್ಷೆಯೇನೋ ನಿಗದಿಯಾಯಿತು; ಪಾಠದ ಏರ್ಪಾಡು ಹಿಂದೆಯೇ ಉಳಿಯಿತು.

ಮನವೊಲಿಸುವ ವಿದ್ಯೆ ಉಪನ್ಯಾಸವನ್ನು ಕೇಳಿ ಬರುವುದಲ್ಲ. ಇಂಗ್ಲೆಂಡಿನ ಹೆನ್ಲಿ ಸಂಸ್ಥೆಯ ಮಾದರಿಯಲ್ಲಿ 1956ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಭಾರತೀಯ ಆಡಳಿತ ಸಿಬ್ಬಂದಿ ಕಾಲೇಜು ಇದನ್ನು ಮೊದಲೇ ಮನಗಂಡಿತ್ತು. ಭಿನ್ನ ಕ್ಷೇತ್ರಗಳ ಅಧಿಕಾರಿಗಳು ಸಣ್ಣ ಗುಂಪುಗಳಲ್ಲಿ ಕುಳಿತು ಒಂದು ಸಮಸ್ಯೆಯನ್ನು ಚರ್ಚಿಸಿ ನಿರ್ಣಯಕ್ಕೆ ಬರುವುದು ಆ ಪದ್ಧತಿ. ಅಮೆರಿಕೆಯ ಶಿಕ್ಷಣ ಮಂಡಳಿಯು 1965ರಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಯ್ದ ಅಧ್ಯಾಪಕರನ್ನು ಮತ್ತೊಂದು ವಿಶ್ವವಿದ್ಯಾಲಯದ ಮುಖ್ಯಸ್ಥರ ಬಳಿ ಇರಿಸಿ, ಆಡಳಿತವನ್ನು ಹತ್ತಿರದಿಂದ ನೋಡಿ ಕಲಿಯುವ ಅವಕಾಶವನ್ನು ಕಲ್ಪಿಸಿತು.

ಖಾಸಗಿ ಆಡಳಿತ ಮಂಡಳಿಗಳ ಕಾಲೇಜುಗಳಿಗೆ ಈ ಎರಡನೆಯ ಮಾರ್ಗ ಸುಲಭಸಾಧ್ಯ. ಪ್ರಾಂಶುಪಾಲರ ನಿವೃತ್ತಿಯ ದಿನಾಂಕ ಎಲ್ಲರಿಗೂ ಮುಂಚಿತವಾಗಿಯೇ ತಿಳಿದಿರುತ್ತದೆ. ಉತ್ತರಾಧಿಕಾರಿಯನ್ನು ಒಂದು ವರ್ಷ ಮೊದಲೇ ಆರಿಸಿ, ಆಯವ್ಯಯದ ಸಭೆಯಿಂದ ಹಿಡಿದು ಪೋಷಕರ ದೂರುಗಳ ವಿಚಾರಣೆಯವರೆಗೆ ಹಿರಿಯರ ಪಕ್ಕದಲ್ಲಿ ಕೂರಿಸಬಹುದು. ಕೊಠಡಿಗಳನ್ನು ಕಟ್ಟಿಸಿಕೊಡುವ ದಾನಿಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಈ ಕಾರ್ಯಕ್ಕೆ ಬೇಕಾದುದು ಅಷ್ಟು ಹಣವೂ ಅಲ್ಲ. ಆ ವರ್ಷ ಒಬ್ಬ ಅಧ್ಯಾಪಕರ ಬೋಧನಾಭಾರವನ್ನು ಅರ್ಧಕ್ಕೆ ಇಳಿಸಿ, ಉಳಿದ ತರಗತಿಗಳಿಗೆ ಮತ್ತೊಬ್ಬರನ್ನು ನೇಮಿಸಿಕೊಂಡರೆ ಸಾಕು.