ನಾಕಾ ದಾಟುವ ಮೊದಲು ಸಿಗುವ ಊರು ಮುಲುಂಡ್

ಮಧ್ಯ ರೈಲ್ವೆಯ ಲೋಕಲ್‌ನಲ್ಲಿ ಸಿಎಸ್‌ಎಂಟಿಯಿಂದ ಹೊರಟರೆ ಮುಂಬಯಿ ಮಹಾನಗರ ಪಾಲಿಕೆಯ ಕೊನೆಯ ಸ್ಟೇಷನ್ ಮುಲುಂಡ್. ಮುಂದಿನದು ಥಾಣೆ, ಅಲ್ಲಿ ಪಾಲಿಕೆಯೂ ಬೇರೆ, ಜಿಲ್ಲೆಯೂ ಬೇರೆ. ಕುಮಟಾದಿಂದ ಬಂದ ನಾನು ಇಲ್ಲಿ ನೆಲೆಸಿ 22 ವರ್ಷವಾಯಿತು. ಔಷಧ ಕಂಪನಿಯೊಂದರ ಗುಣಮಟ್ಟ ವಿಭಾಗದಲ್ಲಿ ಕೆಲಸ. ಊರಿಗೆ ಹೋದಾಗ ಯಾರಾದರೂ ‘ಮುಂಬಯಿಯಲ್ಲಿ ಎಲ್ಲಿ?’ ಎಂದು ಕೇಳಿದರೆ ‘ಥಾಣೆ ಹತ್ತಿರ’ ಎಂದುಬಿಡುವುದು ನಮ್ಮೆಲ್ಲರ ರೂಢಿ. ಆದರೆ ಮುಲುಂಡ್‌ಗೆ ತನ್ನದೇ ಆದ ಕಥೆಯಿದೆ. ಅದನ್ನು ಈಗಲೇ ಹೇಳಲು ಕಾರಣವೂ ಇದೆ: ನಾವಿರುವ ಕಟ್ಟಡವನ್ನು ಇನ್ನು ಕೆಲವೇ ದಿನಗಳಲ್ಲಿ ಕೆಡವುತ್ತಾರೆ.

1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರ್‌ನಿಂದ ಥಾಣೆಗೆ 34 ಕಿಲೋಮೀಟರ್ ಓಡಿತಲ್ಲ, ಅದು ಈ ಊರಿನ ನಡುವೆಯೇ ಹಾದುಹೋಗಿತ್ತು. ಆಗ ಇಲ್ಲಿದ್ದುದು ಪಶ್ಚಿಮಕ್ಕೆ ಕಾಡುಗುಡ್ಡ, ಪೂರ್ವಕ್ಕೆ ಥಾಣೆ ಖಾಡಿ, ನಡುವೆ ಹೊಲಗದ್ದೆ. ಇವತ್ತಿಗೂ ಆ ಗುಡ್ಡವೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚು. ಅದರ ಬುಡದ ಸೊಸೈಟಿಗಳಲ್ಲಿ ಚಿರತೆ ಬಂತೆಂಬ ಸುದ್ದಿ ಆಗಾಗ ಹಬ್ಬುತ್ತಿರುತ್ತದೆ.

ಊರಿಗೆ ಈಗಿನ ಆಕಾರ ಬಂದದ್ದು 1922ರ ನಂತರ. ಆಗಿನ ಭೂಮಾಲೀಕರಾಗಿದ್ದ ಝವೇರಭಾಯಿ ರಾಮ್‌ಜಿ ಮತ್ತು ಕಂಪನಿಯವರು ಕ್ರೌನ್ ಆ್ಯಂಡ್ ಕಾರ್ಟರ್ ಎಂಬ ವಾಸ್ತುಶಿಲ್ಪಿಗಳಿಂದ ನಕ್ಷೆ ಹಾಕಿಸಿದರು. ಸ್ಟೇಷನ್ನಿನಿಂದ ಐದು ರಸ್ತೆ ಕೂಡುವ ಪಾಂಚ್ ರಸ್ತಾದವರೆಗೆ ಒಂದನ್ನೊಂದು ಅಡ್ಡಹಾಯುವ ನೇರ ರಸ್ತೆಗಳು. ಮುಂಬಯಿಯ ಬಹಳಷ್ಟು ಉಪನಗರಗಳು ಹೇಗೆ ಬಂದವೋ ಹಾಗೆ ಬೆಳೆದವು. ಮುಲುಂಡ್ ಪಶ್ಚಿಮದಲ್ಲಿ ಹೊಸಬರೂ ದಾರಿ ತಪ್ಪುವುದು ಕಡಿಮೆ. ದೇಶ ವಿಭಜನೆಯ ಬಳಿಕ ಸಿಂಧಿ, ಪಂಜಾಬಿ ಕುಟುಂಬಗಳು ಬಂದು ಮುಲುಂಡ್ ಕಾಲನಿಯಲ್ಲಿ ನೆಲೆ ಕಂಡವು. ಪಶ್ಚಿಮದಲ್ಲಿ ಗುಜರಾತಿ ಮತ್ತು ಕಛ್ಛಿ ವ್ಯಾಪಾರಿಗಳು, ಪೂರ್ವದಲ್ಲಿ ಹೆಚ್ಚಾಗಿ ಮರಾಠಿ ಮಧ್ಯಮ ವರ್ಗ. ಇವರ ನಡುವೆ ತಮಿಳರು, ಮಲಯಾಳಿಗಳು, ನಾವು.

ನಮ್ಮ ಅಜ್ಜ ಮುಂಬಯಿಯನ್ನು ಕಂಡವರಲ್ಲ. ಆದರೆ ಅವರು ಹುಟ್ಟಿದ್ದೂ ಬೆಳೆದದ್ದೂ ಮುಂಬಯಿ ಆಡಳಿತದಲ್ಲೇ. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಉತ್ತರ ಕನ್ನಡ, 1956ರ ನವೆಂಬರ್ 1ರವರೆಗೆ ಅಲ್ಲೇ ಇತ್ತು. ಧಾರವಾಡ, ಬೆಳಗಾವಿ, ಬಿಜಾಪುರಗಳೂ ಅಂದೇ ಮೈಸೂರು ರಾಜ್ಯಕ್ಕೆ ಬಂದವು. ಮರುವರ್ಷ, 1957ರಲ್ಲಿ, ಬೃಹನ್ಮುಂಬಯಿಯ ಗಡಿ ವಿಸ್ತಾರವಾಗಿ ಮುಲುಂಡ್ ನಗರದೊಳಗೆ ಸೇರಿತು. ಅಂದರೆ, ನಮ್ಮ ಕುಮಟಾ ಮುಂಬಯಿಯನ್ನು ಬಿಟ್ಟ ಮೇಲೆ ಮುಲುಂಡ್ ಮುಂಬಯಿಯಾಯಿತು! ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಮಾತು ಬಂದಾಗಲೆಲ್ಲ ನನಗೆ ಈ ಎರಡು ವರ್ಷಗಳು ನೆನಪಾಗುತ್ತವೆ.

ಹಳೆಯ ಆಗ್ರಾ ರಸ್ತೆಯೇ ಇಂದಿನ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗ. ಒಂದು ಕಾಲಕ್ಕೆ ಅದರ ಎರಡೂ ಬದಿ ಕಾರ್ಖಾನೆಗಳು: ಜಾನ್ಸನ್ ಆ್ಯಂಡ್ ಜಾನ್ಸನ್, ರಿಚರ್ಡ್‌ಸನ್ ಆ್ಯಂಡ್ ಕ್ರುಡಾಸ್, ಹೋಕ್ಸ್ಟ್. ಹೋಕ್ಸ್ಟ್‌ನ ಮುಲುಂಡ್ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದಲ್ಲಿ ಒಂದು ಗಿಡದ ಬೇರಿನಿಂದ ಫೋರ್ಸ್ಕೋಲಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಜೀವಕೋಶಗಳ ಕುರಿತು ಸಂಶೋಧನೆ ಮಾಡುವವರು ಜಗತ್ತಿನ ಎಲ್ಲೆಡೆ ಇಂದು ಅದನ್ನು ಬಳಸುತ್ತಾರೆ. ಆ ಗಿಡ ಯಾವುದು ಗೊತ್ತೇ? ಕನ್ನಡದಲ್ಲಿ ನಾವು ಮಕಾಂದಿ ಬೇರು ಎನ್ನುವುದು ಅದನ್ನೇ. ನಮ್ಮ ಗುಜರಾತಿ ನೆರೆಯವರು ಅದನ್ನು ‘ಗರಮರ್’ ಎಂದು ಕರೆದು ಉಪ್ಪಿನಕಾಯಿ ಹಾಕುತ್ತಾರೆ. ಈಗ ಆ ರಸ್ತೆಯಲ್ಲಿ ಮಾಲ್‌ಗಳು, ಎತ್ತರದ ಟವರ್‌ಗಳು. ಪಾಳಿ ಬದಲಾಗುವಾಗ ಗೇಟಿನ ಹೊರಗೆ ತುಂಬುತ್ತಿದ್ದ ಚಹಾದಂಗಡಿಗಳ ಜಾಗದಲ್ಲಿ ಕಾಫಿ ಶಾಪ್‌ಗಳು ಬಂದಿವೆ.

ಹಳಿ ದಾಟಿ ಪೂರ್ವಕ್ಕೆ ಬಂದರೆ ಮಿಠಾಗರ್ ರಸ್ತೆ. ಮೀಠ ಎಂದರೆ ಉಪ್ಪು. ಆಗರವನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಉಪ್ಪು ಬೆಳೆಯುವ ಬಯಲಿಗೂ ಅದೇ ಹೆಸರು. ಈ ಕರಾವಳಿಯ ಆಗ್ರಿ ಸಮುದಾಯಕ್ಕೆ ಹೆಸರು ಬಂದದ್ದೂ ಆಗರದಿಂದಲೇ. ಇದೇ ರಸ್ತೆಯ ವಿದ್ಯಾ ಪ್ರಸಾರಕ ಮಂಡಳ ಕನ್ನಡ ಮಾಧ್ಯಮದ ಶಾಲೆಯನ್ನೂ ನಡೆಸಿಕೊಂಡು ಬಂದಿದೆ. ಹಗಲಿಡೀ ಹೋಟೆಲಿನಲ್ಲಿ ದುಡಿದವರ ಮಕ್ಕಳು ಕನ್ನಡದಲ್ಲಿ ಓದಿ ಬ್ಯಾಂಕು, ಆಸ್ಪತ್ರೆ, ಕಚೇರಿಗಳಿಗೆ ಸೇರಿದ್ದನ್ನು ನಮ್ಮ ಕಟ್ಟಡದಲ್ಲೇ ನೋಡಿದ್ದೇನೆ. ಅವರ ಮಕ್ಕಳೀಗ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ನನ್ನ ಮಗಳೂ ಹಾಗೆಯೇ ಓದಿದಳು.

ಗಡಿಯಲ್ಲಿರುವ ಊರಿಗೆ ಗಡಿಯ ಹೊರೆಯೂ ತಪ್ಪದು. ಚೆಕ್‌ನಾಕಾದಲ್ಲಿ ಜಕಾತಿಗೆ ನಿಂತ ಲಾರಿಗಳ ಸಾಲು 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಕರಗಿತು. ಸಣ್ಣ ವಾಹನಗಳಿಗೆ ಟೋಲ್ ತಪ್ಪಿದ್ದು 2024ರ ಅಕ್ಟೋಬರ್‌ನಲ್ಲಿ. 1967ರಿಂದ ನಗರದ ಕಸ ಸುರಿದ ಪೂರ್ವದ ಡಂಪಿಂಗ್ ಗ್ರೌಂಡ್ 2018ರಲ್ಲಿ ಮುಚ್ಚಿತು. ಅದಕ್ಕೂ ಮೊದಲು ಗಾಳಿ ಆ ಕಡೆಯಿಂದ ಬೀಸಿದ ರಾತ್ರಿ ಕಿಟಕಿ ಮುಚ್ಚಿ ಮಲಗುತ್ತಿದ್ದೆವು. ಅದೇ ಖಾಡಿಗೆ ಚಳಿಗಾಲದಲ್ಲಿ ಫ್ಲೆಮಿಂಗೊಗಳು ಬಂದಿಳಿಯುತ್ತವೆ. ಐರೋಲಿ ಸೇತುವೆಯ ಮೇಲೆ ಬಸ್ಸಿನಲ್ಲಿ ಕುಳಿತೇ ಗುಲಾಬಿ ಬಣ್ಣದ ಗೆರೆಯನ್ನು ನೋಡಬಹುದು.

ಕಾಂಜೂರ್‌ಮಾರ್ಗ್, ಭಾಂಡುಪ್, ಮುಲುಂಡ್‌ಗಳ ಸುಮಾರು 256 ಎಕರೆ ಉಪ್ಪಿನ ಭೂಮಿಯನ್ನು ಧಾರಾವಿ ಪುನರಭಿವೃದ್ಧಿಯ ವಸತಿಗೆ ಬಳಸಲು 2024ರಲ್ಲಿ ಮಹಾರಾಷ್ಟ್ರ ಸರ್ಕಾರ ನಿರ್ಧರಿಸಿತು. ಮುಲುಂಡ್‌ನಲ್ಲಿ ವಿರೋಧ ಎದ್ದಿತು. ನೀರು, ರಸ್ತೆ, ರೈಲಿನ ನೂಕುನುಗ್ಗಲು, ಮಳೆನೀರು ಇಂಗುವ ಜಾಗ, ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಆದರೆ ‘ಹೊರಗಿನವರು ಬೇಡ’ ಎಂಬ ಮಾತಿಗೆ ಮಾತ್ರ ನನ್ನ ತಲೆ ಆಡುವುದಿಲ್ಲ. ನಾನೂ ಒಂದು ಚೀಲ ಹಿಡಿದು ಮತ್ಸ್ಯಗಂಧಾ ರೈಲಿನಿಂದ ಥಾಣೆಯಲ್ಲಿ ಇಳಿದವನೇ.

ಇನ್ನು ನಮ್ಮ ಕಟ್ಟಡದ ವಿಷಯ. ಲಿಫ್ಟ್ ಇಲ್ಲದ ಮೂರು ಮಹಡಿ, 24 ಮನೆ, ಅವುಗಳಲ್ಲಿ ನಾಲ್ಕು ಕನ್ನಡದವರದು. ಪ್ರತಿ ಮಳೆಗಾಲದಲ್ಲಿ ಚಾವಣಿಯಿಂದ ಸಿಮೆಂಟಿನ ಹೆಪ್ಪಳಿಕೆ ಉದುರುತ್ತದೆ, ಕಂಬದ ಕಬ್ಬಿಣ ಹೊರಗೆ ಕಾಣುತ್ತದೆ. ರೀಡೆವಲಪ್‌ಮೆಂಟ್ ಬೇಡ ಎನ್ನುವ ಸ್ಥಿತಿ ಇರಲಿಲ್ಲ. ಸೊಸೈಟಿಯ ಸಭೆಯಲ್ಲಿ ನಾನೂ ಒಪ್ಪಿಗೆಗೆ ಕೈ ಎತ್ತಿದೆ. ಹೊಸ ಮನೆಗೆ ಕನಿಷ್ಠ ಮೂರು ವರ್ಷ ಬೇಕು. ಅಲ್ಲಿಯವರೆಗೆ ಬಿಲ್ಡರ್ ಬಾಡಿಗೆ ಕೊಡುತ್ತಾನೆ. ಆದರೆ ಮುಲುಂಡ್‌ನಲ್ಲಿ ಒಂದೇ ಹೊತ್ತಿಗೆ ಎಷ್ಟೋ ಕಟ್ಟಡ ಖಾಲಿಯಾಗುತ್ತಿರುವಾಗ ಆ ಹಣಕ್ಕೆ ಇಲ್ಲೇ ಮನೆ ಸಿಗುವುದು ಕಷ್ಟ. ಡೊಂಬಿವಲಿ, ಬದ್ಲಾಪುರದತ್ತ ಹೋದವರೆಲ್ಲ ಮರಳಿ ಬರುತ್ತಾರೆಂದು ಹೇಳಲಾಗದು. ಬಂದವರಿಗೂ ಹೊಸ ಟವರಿನ ತಿಂಗಳ ಮೇಂಟೆನೆನ್ಸ್ ಭಾರವೇ.

ನಾನು ಮನೆ ಮಾರಿ ಕುಮಟಾಕ್ಕೆ ಹೋಗುವುದೇ ಒಳ್ಳೆಯದೆಂದು ಅಣ್ಣ ಹೇಳಿದ. ಲೆಕ್ಕ ಹಾಕಿದರೆ ಅವನ ಮಾತು ಸರಿ. ಆ ದುಡ್ಡಿನಲ್ಲಿ ಅಲ್ಲಿ ಮನೆ ಕಟ್ಟಿಯೂ ಉಳಿಯುತ್ತದೆ. ಮೇಲಿನ ಮನೆಯ ಕುಂದಾಪುರದ ಅಮ್ಮನಿಗೂ ಮಗ ಇದನ್ನೇ ಹೇಳಿದ್ದನಂತೆ. ಅವರು ಇಲ್ಲಿಗೆ ಬಂದು 48 ವರ್ಷ. ಗಂಡ ಕ್ಯಾಂಟೀನ್ ನಡೆಸುತ್ತಿದ್ದರು, ಈಗಿಲ್ಲ. ‘ಊರಿಗ್ ಹೋಯಿ ಎಂತ ಮಾಡುದ್ ಮಗಾ? ನನ್ ಗುರ್ತ ಇಪ್ಪೋರೆಲ್ಲ ಇಲ್ಲೇ ಇದ್ರ್’ ಎಂದರು. ತರಕಾರಿಯವನು, ಔಷಧ ಅಂಗಡಿಯ ಕಛ್ಛಿ ಹುಡುಗ, ಸಂಜೆ ಜೊತೆಗೆ ವಾಕಿಂಗ್ ಬರುವ ಮರಾಠಿ ಗೆಳತಿ, ಮಳೆಗಾಲದಲ್ಲಿ ಊರಿನ ಮೇಳ ಮುಂಬಯಿಗೆ ಬಂದಾಗ ಯಕ್ಷಗಾನಕ್ಕೆ ಕರೆದೊಯ್ಯುವ ನಾವು. ಅವರ ಪಟ್ಟಿ ಇಷ್ಟೇ. ಆದರೆ ಆ ಪಟ್ಟಿ ಕುಂದಾಪುರದಲ್ಲಿ ಈಗ ಅವರಿಗೆ ಸಿಗದು.

ಹೊರನಾಡಿನಲ್ಲಿರುವ ನಾವು ಊರನ್ನು ಬಿಟ್ಟದ್ದರ ಬಗ್ಗೆ ಬಹಳ ಮಾತಾಡುತ್ತೇವೆ. ಸೇರಿದ ಊರಿನ ಬಗ್ಗೆ ಕಡಿಮೆ. ನೀವಿರುವ ಬಡಾವಣೆಯ ನಕ್ಷೆ ಯಾರು ಹಾಕಿದರು, ನಿಮ್ಮ ರಸ್ತೆಗೆ ಆ ಹೆಸರು ಏಕೆ ಬಂತು ಎಂದು ಒಮ್ಮೆ ಕೇಳಿ ನೋಡಿ. ಬಾಡಿಗೆಗೋ ಸಾಲಕ್ಕೋ ಹಿಡಿದ ಮನೆಯ ಸುತ್ತ ಎಷ್ಟು ಜನರ ಬದುಕು ಸೇರಿಕೊಂಡಿದೆ ಎಂಬುದು ಆಗ ತಿಳಿಯುತ್ತದೆ.

ನಾನು ಮಾರುತ್ತಿಲ್ಲ. ನಾಲ್ಕೂ ಕನ್ನಡ ಮನೆಯವರು ಒಂದೇ ಕಡೆ ಬಾಡಿಗೆಗೆ ಹೋಗೋಣ ಎಂದುಕೊಂಡಿದ್ದೆವು, ಅದು ಆಗಲಿಲ್ಲ. ಎರಡು ಮನೆ ಮಾತ್ರ ಒಂದೇ ಕಟ್ಟಡದಲ್ಲಿ ಸಿಕ್ಕಿವೆ, ಮಿಠಾಗರ್ ರಸ್ತೆಯ ಸಮೀಪ. ನೆಲಮಹಡಿಯದು ಕುಂದಾಪುರದ ಅಮ್ಮನಿಗೆ, ಮೇಲಿನದು ನಮಗೆ.